ಕಾಕಾನ 240 ದಿನಗಳು

ನಮ್ಮ ಕಾಕಾನನ್ನು ಕೆಲಸದಿಂದ ತೆಗೆದದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹುಬ್ಬಳ್ಳಿಯ ಒಂದು ಕಾರ್ಖಾನೆಯ ಫೆಟ್ಲಿಂಗ್ ವಿಭಾಗದಲ್ಲಿ, ಅಂದರೆ ಎರಕ ಹೊಯ್ದ ಕಬ್ಬಿಣದ ಅಂಚನ್ನು ಗ್ರೈಂಡರಿನಿಂದ ಉಜ್ಜಿ ನಯ ಮಾಡುವ ಕಡೆ, ಅವನು ಹನ್ನೊಂದು ವರ್ಷ ದುಡಿದಿದ್ದ. ಒಂದು ಸಂಜೆ ಗೇಟಿನ ಹತ್ತಿರ ಸೂಪರ್‌ವೈಸರ್ "ನಾಳಿಂದ ಬರಬ್ಯಾಡ, ಕೆಲಸ ಇಲ್ಲ" ಅಂದ. ಅಷ್ಟೇ. ನೋಟಿಸಿಲ್ಲ, ವಿಚಾರಣೆಯಿಲ್ಲ, ಲೆಕ್ಕ ಚುಕ್ತಾ ಇಲ್ಲ. ಅಲ್ಲಿಂದ ಮುಂದೆ ಕಾರ್ಮಿಕ ನ್ಯಾಯಾಲಯದಲ್ಲಿ ಕಾಕಾ ಸಾಕ್ಷಿಕಟ್ಟೆ ಹತ್ತುವವರೆಗೆ ಅವನ ಜೊತೆ ಕೂತು ಕಾಗದ ಜೋಡಿಸಿದವಳು ನಾನು. ನಾನು ವಕೀಲೆಯಲ್ಲ, ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಇಂಥ ಕೇಸಿನಲ್ಲಿ ವಕೀಲರು ಬಾಯಿ ತೆರೆಯುವ ಮೊದಲು ಮನೆಯವರು ಮಾಡಬೇಕಾದ ಕೆಲಸ ರಾಶಿ ಇರುತ್ತದೆ. ಅದು ಆಗದೆ ಎಷ್ಟೋ ಕಾರ್ಮಿಕರು ಗೆಲ್ಲಬೇಕಾದ ಕೇಸು ಸೋಲುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ರಕರಣ ನಡೆದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಅಡಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಲ್ಲಿ, ತೆಗೆದುಹಾಕಿದ ದಿನದಿಂದ ಮೂರು ವರ್ಷದೊಳಗೆ ಕಾರ್ಮಿಕ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಹೊಸದರಲ್ಲಿ ಆ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಕಲಂಗಳ ನಂಬರು ಬದಲಾಗಿದ್ದರೂ ನಾನು ಇಲ್ಲಿ ಹೇಳುವ ತಯಾರಿ ಬದಲಾಗುವಂಥದ್ದಲ್ಲ.

ಕೆಲಸ ಹೋದ ಮರುದಿನವೂ ಕಾಕಾ ಡಬ್ಬಿ ಕಟ್ಟಿಕೊಂಡು ಗೇಟಿಗೆ ಹೋಗಿದ್ದ. ವಾಚ್‌ಮನ್ ಒಳಗೆ ಬಿಡಲಿಲ್ಲ. ಅವತ್ತೇ ಸಂಜೆ ನಾವು ಒಂದು ಪತ್ರ ಬರೆದೆವು: "ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಇಂದು ಬಂದಾಗ ಗೇಟಿನಲ್ಲಿ ತಡೆದಿದ್ದೀರಿ, ಕೆಲಸ ಕೊಡಿ." ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಸ್ವೀಕೃತಿ ಸಮೇತ ಕಳಿಸಿದೆವು. ಇದು ಪಕ್ಕದ ಮನೆಯ ನಿವೃತ್ತ ಯೂನಿಯನ್ ಮುಖಂಡರೊಬ್ಬರು ಕೊಟ್ಟ ಸಲಹೆ. "ನಾಳೆ ಅವರು, ಅಂವ ತಾನ ಬಿಟ್ಟು ಹೋದ ಅಂತಾರ. ಈಗ ಬರದಿಡ್ರಿ" ಎಂದಿದ್ದರು. ಅಕ್ಷರಶಃ ಹಾಗೇ ಆಯಿತು. ಮೂರು ಸಾಲಿನ ಆ ಪತ್ರ ಮುಂದೆ ನಮ್ಮ ಮೊದಲ ದಾಖಲೆ ಆಯಿತು.

ಮೊದಲು ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನ. ಅಲ್ಲಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ, ಸಂಧಾನ ಮುಗಿಯಲಿ ಬಿಡಲಿ, ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆಯುತ್ತಿತ್ತು. ಹಾಗಾಗಿ ಬಹಳ ಜನ ಸಂಧಾನವನ್ನು ಕಾಟಾಚಾರದ ಮೆಟ್ಟಿಲು ಎಂದು ದಾಟಿಬಿಡುತ್ತಾರೆ. ನಮ್ಮ ವಿಷಯದಲ್ಲಿ ಅಲ್ಲೇ ಒಂದು ಬಂಗಾರದಂಥ ಸಂಗತಿ ನಡೆಯಿತು. ಕಂಪನಿಯ ಪರವಾಗಿ ಬಂದವರು "ನಾವು ತೆಗೆದಿಲ್ಲ, ಅವನೇ ಬರೋದು ಬಿಟ್ಟ" ಎಂದರು. ಅಧಿಕಾರಿ ಕಾಕಾನ ಕಡೆ ತಿರುಗಿ "ನಾಳೆ ಕರೆದರೆ ಹೋಗ್ತೀರಾ?" ಎಂದು ಕೇಳಿದರು. ಕಾಕಾ "ಈಗ ಕರೀಲ್ರಿ, ಈಗ ಹೊಕ್ಕೇನಿ" ಅಂದ. ಅಧಿಕಾರಿ ಅವರತ್ತ ನೋಡಿ "ಹಾಗಾದರೆ ನಾಳೆಯಿಂದ ತಗೊಳ್ಳಿ" ಎಂದಾಗ ಕಂಪನಿಯವರು "ಆಡಳಿತ ಮಂಡಳಿಯನ್ನು ಕೇಳಿ ಹೇಳುತ್ತೇವೆ" ಎಂದು ಎದ್ದುಹೋದರು. ಆಮೇಲೆ ಉತ್ತರ ಬರಲೇ ಇಲ್ಲ. ಈ ಸಂಭಾಷಣೆ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನಾನು ಅಲ್ಲೇ ವಿಚಾರಿಸಿ, ಅದರ ದೃಢೀಕೃತ ನಕಲು ಪಡೆದೆ. ಸಂಧಾನಕ್ಕೆ ಹೋಗುವವರಿಗೆ ಹೇಳುವುದಿಷ್ಟೇ: ಅಲ್ಲಿ ಆಡಿದ ಮಾತಿಗಿಂತ ಅಲ್ಲಿ ಬರೆದ ಮಾತಿನ ಮೇಲೆ ಕಣ್ಣಿಡಿ.

ವಕೀಲರ ಖರ್ಚಿನ ಚಿಂತೆ ದೊಡ್ಡದಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಯಾರು ಅರ್ಹರು ಎಂಬ ಪಟ್ಟಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ಅದರಲ್ಲಿ ಕೈಗಾರಿಕಾ ಕಾರ್ಮಿಕನ ಹೆಸರೂ ಇದೆ. ಕಾಕಾನಂಥ ಸಾವಿರಾರು ಜನ ಈ ಸಾಲಿನೊಳಗೆ ಬರುತ್ತಾರೆ, ಆದರೆ ಆ ಸಾಲು ಇದೆಯೆಂಬುದೇ ಅವರಿಗೆ ತಿಳಿದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು, ಅವರ ಪಟ್ಟಿಯಿಂದ ಒಬ್ಬ ವಕೀಲರು ಸಿಕ್ಕರು. ಚಿಕ್ಕ ವಯಸ್ಸಿನವರು, ಕೇಸು ಓದಿಕೊಂಡೇ ಬರುವವರು.

ಅವರ ಮೊದಲ ಪ್ರಶ್ನೆಗೇ ಕಾಕಾನ ಮುಖ ಕಪ್ಪಿಟ್ಟಿತು. "ತೆಗೆದ ದಿನದಿಂದ ಹಿಂದಕ್ಕೆ ಹನ್ನೆರಡು ತಿಂಗಳು ಎಣಿಸಿದರೆ ಎಷ್ಟು ದಿನ ಕೆಲಸ ಮಾಡಿದ್ದೀರಿ?"

ಕಾಕಾ "ಹನ್ನೊಂದು ವರ್ಷ ದುಡದೇನ್ರಿ" ಎಂದ.

"ಅದಲ್ಲ, ಕೊನೆಯ ಒಂದು ವರ್ಷ."

ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಅದೇ ಸಂಕಟ. "ಹನ್ನೊಂದು ವರ್ಷ ಕೈ ತೇಯ್ದೇನಿ, ಇವರು ಬರೇ ಒಂದು ವರ್ಷದ್ದು ಲೆಕ್ಕಾ ಕೇಳ್ತಾರಲ್ಲವಾ." ನನಗೂ ಅದು ಅನ್ಯಾಯ ಅನ್ನಿಸಿತ್ತು. ಆದರೆ ಕಾನೂನು ಹಾಗಿದೆ. ನೋಟಿಸಿಲ್ಲದೆ, ಪರಿಹಾರವಿಲ್ಲದೆ ತೆಗೆಯುವಂತಿಲ್ಲ ಎಂಬ, ಆ 1947ರ ಕಾಯ್ದೆಯ 25-ಎಫ್ ಕಲಮಿನ ರಕ್ಷಣೆ ಬೇಕಾದರೆ ಒಂದು ವರ್ಷದ ನಿರಂತರ ಸೇವೆ ತೋರಿಸಬೇಕು. ಕೊನೆಯ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆಯೆಂದೇ 25-ಬಿ ಕಲಂ ಎಣಿಸುತ್ತಿತ್ತು. ಕಂಪನಿ ತನ್ನ ಆಕ್ಷೇಪಣೆಯಲ್ಲಿ ಹಿಡಿದದ್ದು ಇದೇ ಎಳೆಯನ್ನು: ಇವರು ಕೆಲಸವಿದ್ದಾಗ ಮಾತ್ರ ಬರುತ್ತಿದ್ದರು, ಆ ವರ್ಷ ದುಡಿದದ್ದು 198 ದಿನ, ಉಳಿದದ್ದು ಅನಧಿಕೃತ ಗೈರು.

ಮತ್ತೆ, ಆ 240 ದಿನವನ್ನು ರುಜುವಾತು ಮಾಡುವ ಭಾರ ಕಾರ್ಮಿಕನ ಮೇಲೆಯೇ ಬೀಳುತ್ತದೆ. ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ಮುಖ್ಯ ತೀರ್ಪುಗಳು ಕರ್ನಾಟಕದಿಂದಲೇ ಹೋದ ಪ್ರಕರಣಗಳು ಎಂದು ವಕೀಲರು ಹೇಳಿದಾಗ ನಾನು ಆ ರಾತ್ರಿ ಕೂತು ಎರಡನ್ನೂ ಓದಿದೆ. 2002ರಲ್ಲಿ ನಮ್ಮ ಅರಣ್ಯ ಇಲಾಖೆಯ ಒಬ್ಬ ನೌಕರನ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು, 240 ದಿನ ದುಡಿದೆ ಎಂದು ಅಫಿಡವಿಟ್, ಅಂದರೆ ಪ್ರಮಾಣಪತ್ರ, ಹಾಕಿದರೆ ಸಾಲದು, ಅದಕ್ಕೆ ಪುರಾವೆ ಬೇಕು ಎಂದು. 2005ರ ಇನ್ನೊಂದರಲ್ಲಿ, ಕಾರ್ಮಿಕ ಸಾಕ್ಷಿಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಹಾಜರಿ ಪುಸ್ತಕ ವೇತನ ಪುಸ್ತಕಗಳನ್ನು ತರಿಸಿ ಎಂದು ಕೇಳಿದರೆ ಅವನ ಮೇಲಿನ ಭಾರ ಇಳಿಯಬಹುದು ಎಂಬ ಅರ್ಥದ ಮಾತು ಬಂತು, ಏಕೆಂದರೆ ದಿನಗೂಲಿಯವನ ಕೈಗೆ ನೇಮಕಾತಿ ಪತ್ರವೂ ಸಿಗುವುದಿಲ್ಲ, ರಸೀದಿಯೂ ಸಿಗುವುದಿಲ್ಲ. ಎರಡನ್ನೂ ಓದಿದ ಮೇಲೆ ನನ್ನ ಕೆಲಸ ಯಾವುದೆಂದು ಸ್ಪಷ್ಟವಾಯಿತು. ಬಾಯಿಮಾತು ಬೇಡ, ಕೈಗೆ ಸಿಕ್ಕ ಕಾಗದವೆಲ್ಲ ಬೇಕು. ಸಿಗದ ಕಾಗದವನ್ನು ಕಂಪನಿಯಿಂದ ತರಿಸಿ ಎಂದು ಲಿಖಿತದಲ್ಲಿ ಕೇಳಿರಬೇಕು.

ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಆ ಹನ್ನೆರಡು ತಿಂಗಳ ಒಂದೊಂದು ದಿನಕ್ಕೂ ಒಂದೊಂದು ಸಾಲು ಬಿಟ್ಟು ಮನೆ ಹಾಕಿದೆ. ತಾರೀಖು, ವಾರ, ಕೆಲಸ ಇತ್ತೋ ಇಲ್ಲವೋ, ಯಾವ ಕಾಗದ ಅದನ್ನು ಹೇಳುತ್ತದೆ. ಕೊನೆಯ ಕಾಲಂ ಬಹಳ ಮುಖ್ಯ. ಕಾಗದವಿಲ್ಲದ ದಿನಕ್ಕೆ ಅಲ್ಲಿ "ನೆನಪು" ಎಂದಷ್ಟೇ ಬರೆದೆ, ಅಂಥ ದಿನವನ್ನು ಮೊತ್ತಕ್ಕೆ ಸೇರಿಸಲಿಲ್ಲ. ವೇತನ ಚೀಟಿ ಕೆಲವು ತಿಂಗಳದ್ದು ಇತ್ತು. ಉಳಿದ ತಿಂಗಳಿಗೆ ಬ್ಯಾಂಕಿಗೆ ಜಮೆಯಾದ ಸಂಬಳ. ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳ ವಂತಿಗೆ. ಮಾಲೀಕರು ಪಿಎಫ್ ಕಚೇರಿಗೆ ತಿಂಗಳಿಗೊಮ್ಮೆ ಅಪ್‌ಲೋಡ್ ಮಾಡುವ ಇಸಿಆರ್ ಎಂಬ ಪಟ್ಟಿಯಲ್ಲಿ, ಆ ತಿಂಗಳು ಸಂಬಳವಿಲ್ಲದ ದಿನ ಎಷ್ಟು ಎಂಬುದಕ್ಕೂ ಒಂದು ಕಾಲಂ ಇರುತ್ತದೆ. ಇದು ಗೊತ್ತಾದ ಕೂಡಲೇ ಕಂಪನಿಯಿಂದ ತರಿಸಬೇಕಾದ ದಾಖಲೆಗಳ ಅರ್ಜಿಯಲ್ಲಿ ಹಾಜರಿ ಪುಸ್ತಕ, ವೇತನ ಪುಸ್ತಕಗಳ ಜೊತೆ ಅದನ್ನೂ ಸೇರಿಸಿದೆವು. ಕಂಪನಿ ತಂದದ್ದು ಬರೀ ಐದು ತಿಂಗಳ ಹಾಜರಿ. ಉಳಿದದ್ದು "ಲಭ್ಯವಿಲ್ಲ".

ಕಾಕಾನ ಪ್ರಕರಣ ನಿಂತದ್ದು ಮಾತ್ರ ಇದಾವುದರ ಮೇಲೂ ಅಲ್ಲ, ಅವನ ಎಡಗೈಯ ಮೇಲೆ. ಆ ವರ್ಷ ಗ್ರೈಂಡರಿನ ಕಲ್ಲು ಸಿಡಿದು ಅವನ ಎಡಗೈಯ ಎರಡು ಬೆರಳಿಗೆ ಪೆಟ್ಟಾಗಿತ್ತು. ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿದ್ದ. ಕಂಪನಿ "ಅನಧಿಕೃತ ಗೈರು" ಎಂದು ಬರೆದಿದ್ದ ದಿನಗಳಲ್ಲಿ ಆ ದಿನಗಳೂ ಇದ್ದವು! ಅದನ್ನು ಓದಿದಾಗ ಕಾಕಿ ಅತ್ತುಬಿಟ್ಟಳು, ಆಗ ಗಾಯ ತೊಳೆದು ಪಟ್ಟಿ ಕಟ್ಟಿದವಳು ಅವಳೇ. 25-ಬಿ ಕಲಮಿನ ವಿವರಣೆಯಲ್ಲಿ, ಕೆಲಸದಲ್ಲಿ ಕೆಲಸದಿಂದಲೇ ಆದ ಅಪಘಾತದಿಂದ ತಾತ್ಕಾಲಿಕವಾಗಿ ದುಡಿಯಲಾಗದೆ ಉಳಿದ ದಿನಗಳನ್ನು ದುಡಿದ ದಿನಗಳೆಂದೇ ಎಣಿಸಬೇಕು ಎಂದಿತ್ತು. ಸಂಬಳ ಸಹಿತ ರಜೆ, ಹೆರಿಗೆ ರಜೆಗೂ ಅದೇ ನಿಯಮ. ಆದರೆ ಅಪಘಾತ ಕಾರ್ಖಾನೆಯೊಳಗೆ ಆಯಿತು ಎನ್ನುವುದಕ್ಕೆ ಏನು ಸಾಕ್ಷಿ?

ಕಾಕಾನ ಬ್ಯಾಂಕ್ ಪಾಸ್‌ಬುಕ್ಕನ್ನು ನಾನು ಸಂಬಳ ಹುಡುಕಲೆಂದು ಎಷ್ಟೋ ಸಲ ತಿರುವಿ ಹಾಕಿದ್ದೆ. ಸಂಬಳದ ಸಾಲುಗಳ ನಡುವೆ, ಮಾಸಿದ ಮುದ್ರಣದಲ್ಲಿ, ಸಂಬಳಕ್ಕಿಂತ ಬಹಳ ಸಣ್ಣ ಮೊತ್ತದ ಕೆಲವು ಜಮೆಗಳಿದ್ದವು. ಅವು ಇಎಸ್‌ಐನಿಂದ, ಅಂದರೆ ಕಾರ್ಮಿಕರ ರಾಜ್ಯ ವಿಮೆಯಿಂದ, ಬಂದ ಹಣ. ಕೆಲಸದ ಗಾಯಕ್ಕೆ ಇಎಸ್‌ಐ ಸಂಬಳದ ಶೇಕಡಾ 90ರಷ್ಟನ್ನು ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯವೆಂದು ಕೊಡುತ್ತದೆ. ಸಾಮಾನ್ಯ ಕಾಯಿಲೆಗಾದರೆ ಶೇಕಡಾ 70 ಮಾತ್ರ. ಹಾಗಾದರೆ ಇದು ಕಾಯಿಲೆಯ ಹಣವೋ ಗಾಯದ ಹಣವೋ ಎಂದು ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿದೆವು. ಗಾಯದ್ದೇ. ಅದನ್ನು ಮಂಜೂರು ಮಾಡಬೇಕಾದರೆ ಮಾಲೀಕರು ಅಪಘಾತ ವರದಿ ಕೊಟ್ಟಿರಬೇಕು. ಅಂದರೆ ಇದೇ ಕಂಪನಿ, ತನ್ನದೇ ಸಹಿ ಮೊಹರಿನಲ್ಲಿ, "ನಮ್ಮ ಕೆಲಸಗಾರನಿಗೆ ನಮ್ಮ ಕಾರ್ಖಾನೆಯಲ್ಲಿ ಪೆಟ್ಟಾಗಿದೆ" ಎಂದು ಅಂದೇ ಬರೆದುಕೊಟ್ಟಿತ್ತು. ವಿಮಾ ವೈದ್ಯರ ಪ್ರಮಾಣಪತ್ರ, ಹಣ ಪಾವತಿಯ ವಿವರ ಎಲ್ಲ ಸೇರಿಸಿದಾಗ 38 ದಿನ ಸಿಕ್ಕವು.

198ಕ್ಕೆ 38 ಕೂಡಿದರೆ 236. ನಾಲ್ಕು ದಿನ ಕಮ್ಮಿ. ಆ ರಾತ್ರಿ ನಾನು ರಿಜಿಸ್ಟರನ್ನು ಮೇಲಿಂದ ಕೆಳಕ್ಕೆ ಮತ್ತೆ ಕೂಡಿದೆ, ಕೆಳಗಿನಿಂದ ಮೇಲಕ್ಕೂ ಕೂಡಿದೆ. ಅಷ್ಟೇ. ಬೆಳಿಗ್ಗೆ ವಕೀಲರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ವೇತನ ಚೀಟಿಯಲ್ಲಿ ವಾರದ ರಜೆಗೆ ಸಂಬಳ ಹಾಕಿದ್ದಾರಾ?" ಹಾಕಿದ್ದರು. ಪ್ರತಿ ಚೀಟಿಯಲ್ಲೂ ಹಾಜರಿಯ ಪಕ್ಕ ವಾರದ ರಜೆಯ ಕಾಲಂ ಇತ್ತು, ಸಂಬಳ ಎರಡಕ್ಕೂ ಸೇರಿ. ಹಾಗೆ ಸಂಬಳ ಕೊಟ್ಟ ಭಾನುವಾರಗಳನ್ನೂ ರಜಾದಿನಗಳನ್ನೂ 240ರ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಕಂಪನಿಯ 198 ಎಂದರೆ ಬರೀ ಯಂತ್ರದ ಮುಂದೆ ನಿಂತ ದಿನಗಳು. ಅದಕ್ಕೆ ಸಂಬಳ ಕೊಟ್ಟ 33 ವಾರದ ರಜೆ ಸೇರಿದವು. ಗಾಯದ 38 ದಿನವೂ ಸೇರಿ ಒಟ್ಟು 269. ಕಾಕಾನಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ "ಬರದು ಇಟ್ಟೀಯಲ್ಲ?" ಎಂದ.

ಲೆಕ್ಕ ಮುಗಿದ ಮೇಲೆ ಅಫಿಡವಿಟ್. ಮುಖ್ಯ ವಿಚಾರಣೆಯ ಹೇಳಿಕೆಯನ್ನು ಈಗ ಅಫಿಡವಿಟ್ ರೂಪದಲ್ಲೇ ಸಲ್ಲಿಸುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಕೊನೆಗೆ "ಕನ್ನಡದಲ್ಲಿ ಓದಿ ತಿಳಿಸಲಾಗಿದೆ" ಎಂಬ ಸಾಲು ಹಾಕಿ, ಕಾರ್ಮಿಕನ ಸಹಿ ತೆಗೆದುಕೊಳ್ಳುವ ರೂಢಿ ಇದೆ. ನಾನು ಕನ್ನಡದಲ್ಲೇ ಬೇಕೆಂದು ಹಟ ಹಿಡಿದೆ, ವಕೀಲರೂ ಒಪ್ಪಿದರು. ಕಾಕಾ ಏಳನೆಯ ಇಯತ್ತೆಯವರೆಗೆ ಓದಿದವನು, ಪೇಪರು ತಪ್ಪದೆ ಓದುವವನು. ಅವನ ಹೆಸರಿನ ಹೇಳಿಕೆಯನ್ನು ಅವನೇ ಓದಿ ತಿದ್ದಲಾರದಿದ್ದರೆ ಅದು ಅವನ ಹೇಳಿಕೆ ಹೇಗಾಗುತ್ತದೆ? ಕರಡು ಓದುವಾಗ ಅವನು ಎರಡು ಕಡೆ ತಡೆದ. ಒಂದು ಕಡೆ "ದಿನಕ್ಕೆ ಎಂಟು ತಾಸು" ಎಂದಿದ್ದನ್ನು ಕೆಲವು ದಿನ ಹನ್ನೆರಡು ತಾಸು ಎಂದು ತಿದ್ದಿಸಿದ. ಇನ್ನೊಂದು ಕಡೆ ಗೇಟಿನಲ್ಲಿ ತಡೆದವರ ಹೆಸರು ತಪ್ಪಾಗಿತ್ತು.

ಮನೆಯಲ್ಲಿ ದೊಡ್ಡ ಜಗಳ ಎದ್ದದ್ದು ಚಹಾ ಅಂಗಡಿಯ ವಿಷಯಕ್ಕೆ. ಕೆಲಸ ಹೋದ ಮೇಲೆ ಕಾಕಾ ಸಂಜೆ ಹೊತ್ತು ಸಂಬಂಧಿಕರೊಬ್ಬರ ಚಹಾ ಅಂಗಡಿಯಲ್ಲಿ ಕೂರುತ್ತಿದ್ದ. ಕೊಟ್ಟಷ್ಟು ತರುತ್ತಿದ್ದ. ಹಿಂಬಾಕಿ ವೇತನ, ಅಂದರೆ ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳ, ಕೇಳುವ ಕಾರ್ಮಿಕ ತಾನು ಬೇರೆಲ್ಲೂ ಲಾಭದಾಯಕ ಉದ್ಯೋಗದಲ್ಲಿ ಇರಲಿಲ್ಲ ಎಂದು ಹೇಳಬೇಕಾಗುತ್ತದೆ, ಆಗ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಮಾಲೀಕನ ಮೇಲೆ ಬೀಳುತ್ತದೆ ಎಂದು 2013ರ ಸುಪ್ರೀಂ ಕೋರ್ಟ್ ತೀರ್ಪು ವಿವರಿಸಿದೆ. ಇದನ್ನು ಕೇಳಿದ ನಮ್ಮ ಅಣ್ಣ "ಹಂಗಾರ ಅಂಗಡಿ ವಿಷಯ ಬರೀಬ್ಯಾಡ್ರಿ, ಯಾರಿಗೆ ಗೊತ್ತಾಗ್ತದ?" ಎಂದ. ಕಾಕಿಯದೂ ಅದೇ ಮಾತು. ನಾನು ಒಪ್ಪಲಿಲ್ಲ. ಹೆದರಿಕೆಯಿಂದಲ್ಲ. ಹನ್ನೊಂದು ವರ್ಷದ ದುಡಿಮೆಯನ್ನು ಕಂಪನಿ ಇಲ್ಲವೆನ್ನುತ್ತಿದೆ, ಅದಕ್ಕೆ ಉತ್ತರವಾಗಿ ನಾವೂ ಒಂದು ದುಡಿಮೆಯನ್ನು ಇಲ್ಲವೆಂದರೆ ಕಾಕಾ ಸಾಕ್ಷಿಕಟ್ಟೆಯಲ್ಲಿ ಯಾವ ಬಲದ ಮೇಲೆ ನಿಲ್ಲಬೇಕು? ವಕೀಲರೂ ಅದನ್ನೇ ಹೇಳಿದರು. ಅಫಿಡವಿಟ್‌ನಲ್ಲಿ ಒಂದು ಇಡೀ ಪ್ಯಾರಾ ಬರೆದೆವು: ಎಲ್ಲಿ ಕೂರುತ್ತೇನೆ, ಯಾವ ಹೊತ್ತು, ಅಂದಾಜು ಎಷ್ಟು ಸಿಗುತ್ತದೆ, ಅದು ಮನೆ ನಡೆಸಲು ಸಾಲುವುದಿಲ್ಲ.

ಪಾಟೀ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಗೆ ಪ್ರಶ್ನೆ ಹಾಕುವ ಹಂತದ, ತಯಾರಿಗೆ ನಾವು ಮೊದಲು ಮಾಡಿದ್ದು, ಬೇರೆಯವರ ಕೇಸು ನೋಡುವುದು. ಕಾರ್ಮಿಕ ನ್ಯಾಯಾಲಯದ ಕಲಾಪ ಬಹಿರಂಗವಾಗಿಯೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಬಹುದು. ನಮ್ಮದಲ್ಲದ ಒಂದು ದಿನ ಕಾಕಾನನ್ನು ಕರೆದುಕೊಂಡು ಹೋದೆ. ದಲಾಯತ ಹೆಸರು ಕೂಗುವುದು, ಸಾಕ್ಷಿ ಪ್ರಮಾಣ ಮಾಡುವುದು, ವಕೀಲರು ಕೇಳುವ ಪ್ರಶ್ನೆಗೆ ಸಾಕ್ಷಿ ಹೇಳಿದ ಉತ್ತರವನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಟೈಪಿಸ್ಟರಿಗೆ ಹೇಳಿ ಬರೆಸುವುದು, ಎಲ್ಲವನ್ನೂ ಅವನು ಕಣ್ಣು ಮಿಟುಕಿಸದೆ ನೋಡಿದ. ಅವತ್ತು ಅವನು ಕಲಿತದ್ದು ಬಹಳ. ಉದಾಹರಣೆಗೆ, "ನೀವೇ ಕೆಲಸ ಬಿಟ್ಟಿದ್ದೀರಿ" ಎಂದು ವಕೀಲರು ಹೇಳಿದಾಗ ಸಾಕ್ಷಿ ಸುಮ್ಮನಿರಬಾರದು. "ಇಲ್ಲ" ಎಂದರೆ ದಾಖಲೆಯಲ್ಲಿ "ನಾನೇ ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ ಎಂದರೆ ಸರಿಯಲ್ಲ" ಎಂದು ಬರುತ್ತದೆ. ಸಿಟ್ಟಿಗೆದ್ದು ಹತ್ತು ಮಾತಾಡಿದರೂ ದಾಖಲಾಗುವುದು ಆ ಒಂದೇ ಸಾಲು. ಹೇಳಿಕೆ ಬರೆಸುವಾಗ ಕಿವಿಗೊಟ್ಟು ಕೇಳಬೇಕು. ತಾನು ಹೇಳಿದ್ದಕ್ಕೂ ಬರೆಸಿದ್ದಕ್ಕೂ ವ್ಯತ್ಯಾಸ ಕಂಡರೆ ಅಲ್ಲೇ ವಿನಯದಿಂದ ಹೇಳಬೇಕು, ಮನೆಗೆ ಬಂದು ಹೇಳಿದರೆ ಉಪಯೋಗವಿಲ್ಲ.

ಮನೆಯಲ್ಲಿ ಅಣ್ಣನೇ ಎದುರು ಪಕ್ಷದ ವಕೀಲ. ಉತ್ತರ ಹೇಳಿಕೊಡಬೇಡಿ, ಅವರದೇ ಅಫಿಡವಿಟ್ಟನ್ನು ಅವರೇ ಓದಿಕೊಳ್ಳಲಿ, ನೀವು ಪ್ರಶ್ನೆ ಮಾತ್ರ ಕೇಳಿ ಎಂದು ನಮ್ಮ ವಕೀಲರು ಖಡಾಖಂಡಿತವಾಗಿ ಹೇಳಿದ್ದರು. ಮೊದಮೊದಲು ಕಾಕಾ ಪ್ರಶ್ನೆ ಮುಗಿಯುವ ಮುಂಚೆಯೇ ಹನ್ನೊಂದು ವರ್ಷದ ಕಥೆ ಶುರು ಮಾಡುತ್ತಿದ್ದ. ಯಾವ ತಿಂಗಳು ಬೋನಸ್ ಕೊಡಲಿಲ್ಲ, ಯಾವ ಮ್ಯಾನೇಜರ್ ಏನಂದ, ಎಲ್ಲ ಬರುತ್ತಿತ್ತು. ಆ ಕಥೆ ಅವನೊಳಗೆ ಅಷ್ಟು ದಿನ ಯಾರೂ ಕೇಳದೆ ಉಳಿದಿತ್ತು. ಹಾಗಾಗಿ ಒಂದು ಭಾನುವಾರ ಪ್ರಶ್ನೋತ್ತರ ಬಿಟ್ಟು, ಅವನು ಹೇಳಬೇಕೆಂದದ್ದನ್ನೆಲ್ಲ ಹೇಳಲಿ ಎಂದು ನಾವು ಕೂತು ಕೇಳಿದೆವು. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ತಯಾರಿ ಇನ್ನೊಂದಿಲ್ಲ. ಆಮೇಲೆ ಅವನ ಉತ್ತರಗಳು ತಾವಾಗಿಯೇ ಚಿಕ್ಕವಾದವು. "ಗೊತ್ತಿಲ್ರಿ", "ನೆನಪಿಲ್ರಿ" ಎನ್ನುವುದಕ್ಕೂ ಅವನು ನಾಚಲಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಹೇಳುವುದೇ ಸಾಕ್ಷಿಗೆ ಮುಳುವಾಗುವುದು.

ಪಾಟೀ ಸವಾಲಿನ ದಿನ ಕಂಪನಿಯ ವಕೀಲರು ನಿಧಾನವಾಗಿ ಶುರು ಮಾಡಿದರು.

"ನಿಮಗೆ ಇಂಗ್ಲಿಷ್ ಓದಲು ಬರುತ್ತದೆಯೇ?"

"ಇಲ್ರಿ."

"ಹಾಗಾದರೆ ನಿಮ್ಮ ಪ್ರಮಾಣಪತ್ರದಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ."

"ಅದು ಕನ್ನಡದಾಗ ಐತ್ರಿ. ನಾನs ಓದೇನಿ."

ವಕೀಲರು ಪುಟ ತಿರುವಿದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಫೋಟೋ ಹೊರಬಂತು. ಕಾಕಾ ಚಹಾ ಸೋಸುತ್ತ ನಿಂತ ಫೋಟೋ, ಮೊಬೈಲಿನಲ್ಲಿ ತೆಗೆದು ಪ್ರಿಂಟು ಹಾಕಿಸಿದ್ದು. "ಇದು ನೀವೇ ಅಲ್ಲವೇ?" ಕಾಕಾ "ಹೌದ್ರಿ, ನಾನs. ಪ್ರಮಾಣಪತ್ರದಾಗ ಬರದೇನಿ" ಎಂದ. ನ್ಯಾಯಾಧೀಶರು ಪುಟ ತೆಗೆದು ಆ ಪ್ಯಾರಾ ಓದಿಕೊಂಡರು. ಫೋಟೋದ ಮೇಲೆ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆಗಳು ಅಲ್ಲಿಗೇ ನಿಂತವು. ಹಿಂದಿನ ಬೆಂಚಿನಲ್ಲಿ ಅಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಗೈರಿನ ಪ್ರಶ್ನೆ ಬಂದಾಗ ಕಾಕಾ ಎಡಗೈ ಎತ್ತಿ ತೋರಿಸಿದ. ಕೈ ತೋರಿಸಿದ್ದು ಟೈಪಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದ್ದರಿಂದ ಬಾಯಲ್ಲೂ ಹೇಳಿದ: "ಆ ದಿನ ಗ್ರೈಂಡರ್ ಕಲ್ಲು ಒಡದು ಪೆಟ್ಟಾಗಿತ್ರಿ, ಇಎಸ್‌ಐದಾಗ ಕಾಗದ ಐತ್ರಿ." ಆ ಕಾಗದ ಆಗಲೇ ಡಬ್ಲ್ಯೂ-6 ಎಂದು ಗುರುತಾಗಿ ಕಡತದಲ್ಲಿತ್ತು.

ಮುಂದಿನ ತಾರೀಖುಗಳಲ್ಲಿ ಕಂಪನಿಯ ಸಾಕ್ಷಿಯ ಸರದಿ. ಅವರ ಸಿಬ್ಬಂದಿ ಅಧಿಕಾರಿಯನ್ನು ನಮ್ಮ ವಕೀಲರು ಕೇಳಿದ್ದು ಬೆರಳೆಣಿಕೆಯ ಪ್ರಶ್ನೆ. ಉಳಿದ ಏಳು ತಿಂಗಳ ಹಾಜರಿ ಪುಸ್ತಕ ಏಕೆ ತಂದಿಲ್ಲ? ಅಪಘಾತ ವರದಿಯಲ್ಲಿರುವ ಸಹಿ ಯಾರದ್ದು? ಅವನೇ ಬಿಟ್ಟು ಹೋಗಿದ್ದರೆ, ಸಂಧಾನದಲ್ಲಿ "ನಾಳೆಯಿಂದ ತಗೊಳ್ಳಿ" ಎಂದಾಗ ಏಕೆ ತೆಗೆದುಕೊಳ್ಳಲಿಲ್ಲ? ಮೂರನೆಯದಕ್ಕೆ ಬಂದ ಉತ್ತರ "ನೆನಪಿಲ್ಲ".

ಐತೀರ್ಪು, ಅಂದರೆ ಕಾರ್ಮಿಕ ನ್ಯಾಯಾಲಯದ ತೀರ್ಪು, ಬಂತು. ತೆಗೆದದ್ದು ಕಾನೂನುಬಾಹಿರ, ಸೇವಾ ನಿರಂತರತೆಯೊಂದಿಗೆ ಮರುನೇಮಕ, ಹಿಂಬಾಕಿ ವೇತನದಲ್ಲಿ ಅರ್ಧ. ಚಹಾ ಅಂಗಡಿಯ ಅಲ್ಪ ಆದಾಯವನ್ನು ಲೆಕ್ಕಕ್ಕೆ ಹಿಡಿದೇ ಅರ್ಧ ಎಂದಿದ್ದರು, ಆದರೆ ಅದೇ ಪ್ಯಾರಾದಲ್ಲಿ ಸಾಕ್ಷಿ ಅದನ್ನು ಮುಚ್ಚಿಡಲಿಲ್ಲ ಎಂದೂ ಬರೆದಿದ್ದರು. ಕಾಕಾ ಆ ಪ್ಯಾರಾವನ್ನು ಎರಡು ಸಲ ಓದಿಸಿಕೊಂಡ.

ಐತೀರ್ಪು ಪ್ರಕಟವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತಿತ್ತು. ಆ ನಡುವೆ ಕಂಪನಿಯಿಂದ ರಾಜಿಯ ಮಾತು ಬಂತು. ಇಲ್ಲವಾದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವುದಾಗಿ ಹೇಳಿದರು. ಅವರು ಹೋದರೂ, ಮರುನೇಮಕದ ಆದೇಶವಿರುವಾಗ ಪ್ರಕರಣ ಮುಗಿಯುವವರೆಗೆ ಕೊನೆಯ ಸಂಬಳವನ್ನು ಕೊಡುತ್ತಿರಬೇಕೆಂದು ಅದೇ ಹಳೆಯ ಕಾಯ್ದೆಯಲ್ಲಿ 17-ಬಿ ಕಲಂ ಇತ್ತು. ಹಾಗಾಗಿ ಹೆದರಿ ಒಪ್ಪಬೇಕಾಗಿರಲಿಲ್ಲ. ನನಗೆ ಅವನು ಮತ್ತೆ ಅದೇ ಗೇಟಿನಿಂದ ಒಳಗೆ ಹೋಗಬೇಕೆಂಬ ಆಸೆ ಇತ್ತು, ಹೇಳಿದೆ ಕೂಡ. ಕಾಕಾ ತನ್ನ ಬೆರಳು ನೋಡಿಕೊಂಡು "ಆ ಕಲ್ಲಿನ ಮುಂದ ಇನ್ನ ನಿಲ್ಲಾಕ ಆಗೂದಿಲ್ಲ" ಎಂದ. ನಿರ್ಧಾರ ಅವನದು. ದುಡಿದವನು ಅವನು, ನಿಂತು ಉತ್ತರ ಕೊಟ್ಟವನು ಅವನು. ಮೊತ್ತ ಕುದುರಿತು.

ರಾಜಿ ಪತ್ರದ ಕರಡಿನಲ್ಲಿ "ಕಾರ್ಮಿಕನ ಎಲ್ಲ ಹಕ್ಕು ಬಾಧ್ಯತೆಗಳು ಪೂರ್ಣವಾಗಿ ತೀರಿವೆ" ಎಂಬ ಸಾಲಿತ್ತು. ಕಾಕಾನೇ ಅದರ ಮೇಲೆ ಬೆರಳಿಟ್ಟು "ಇದರಾಗ ಗ್ರಾಚ್ಯುಟಿನೂ ಹೋಗ್ತದೇನು?" ಎಂದು ಕೇಳಿದ. ಗ್ರಾಚ್ಯುಟಿ ಆಗ ಬೇರೆಯೇ ಕಾಯ್ದೆಯ ಹಕ್ಕಾಗಿತ್ತು, 1972ರದ್ದು. ಕೊನೆಯ ಸಂಬಳ 13,000 ರೂಪಾಯಿಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಹನ್ನೊಂದು ವರ್ಷದಿಂದ ಗುಣಿಸಿದರೆ 82,500 ರೂಪಾಯಿ. ಆ ಮೊತ್ತವನ್ನು ರಾಜಿಯ ಹಣದಿಂದ ಬೇರೆಯಾಗಿ, ಗ್ರಾಚ್ಯುಟಿ ಎಂದು ಹೆಸರಿಟ್ಟೇ ಬರೆಸಿದೆವು. ಪಿಎಫ್ ಇದರೊಳಗೆ ಬರುವುದಿಲ್ಲ ಎಂದೂ ಒಂದು ಸಾಲು ಸೇರಿಸಿದೆವು. ಆಮೇಲೆ ಕಾಕಾ ಸಹಿ ಹಾಕಿದ.

ಹಣ ಖಾತೆಗೆ ಬಂದಿದೆ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಇನ್ನೂ ನಮೂದಿಸಿಲ್ಲ. ಅದಿಲ್ಲದೆ ಪೂರ್ತಿ ಹಣ ತೆಗೆಯಲು ಬರುವುದಿಲ್ಲ. ಕೊನೆಯ ವಂತಿಗೆ ಬಂದು ಎರಡು ತಿಂಗಳು ಕಳೆದಿದ್ದರೆ ಸದಸ್ಯನೇ ಪೋರ್ಟಲಿನಲ್ಲಿ ಅದನ್ನು ತುಂಬಬಹುದು. ಈ ಭಾನುವಾರ ಕಾಕಾ ಆಧಾರಿಗೆ ಜೋಡಿಸಿದ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾನೆ, ಕೂತು ತುಂಬಬೇಕು.